ದಾರಿಗಿಂತ ಮೊದಲು ಹೊತ್ತು: ಹಾಯಿದೋಣಿಯ ಪಯಣಕ್ಕೆ ಪೂರ್ವಸಿದ್ಧತೆ

ನೆಲದ ಮೇಲೆ ಹೊರಡುವವನಿಗೆ ದಾರಿಯನ್ನು ಬೇರೆಯವರು ಮೊದಲೇ ಹಾಕಿಟ್ಟಿರುತ್ತಾರೆ. ಎಲ್ಲಿ ತಿರುಗಬೇಕು, ಎಲ್ಲಿ ತಂಗಬೇಕು ಎಂಬುದನ್ನು ಆರಿಸಿಕೊಳ್ಳುವುದಷ್ಟೇ ಅವನ ಪಾಲಿನ ಕೆಲಸ. ಕಡಲಿನಲ್ಲಿ ಹಾಗೆ ಹಾಕಿಟ್ಟ ದಾರಿ ಇಲ್ಲದಿರುವುದರಿಂದ ಪ್ರತಿ ಪಯಣಕ್ಕೂ ಅದನ್ನು ಹೊಸದಾಗಿಯೇ ರೂಪಿಸಿಕೊಳ್ಳಬೇಕಾಗುತ್ತದೆ. ಎಂಜಿನ್ನಿಗಿಂತ ಗಾಳಿಯನ್ನೇ ಹೆಚ್ಚು ನೆಚ್ಚಿರುವ ಹಾಯಿದೋಣಿಗಂತೂ ಎರಡು ಬಂದರುಗಳ ನಡುವಿನ ನೇರ ಗೆರೆ ಬಹುಪಾಲು ಸಂದರ್ಭಗಳಲ್ಲಿ ದಾರಿಯೇ ಆಗಿರುವುದಿಲ್ಲ, ಏಕೆಂದರೆ ಗಾಳಿ ಎತ್ತಲಿಂದ ಬೀಸುತ್ತಿದೆ, ಎಷ್ಟು ಹೊತ್ತಿಗೆ ದಿಕ್ಕು ಬದಲಿಸುತ್ತದೆ, ನೀರು ಯಾವಾಗ ಏರುತ್ತದೆ, ಕತ್ತಲು ಎಲ್ಲಿ ಕವಿಯುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲಷ್ಟೇ ಆ ಗೆರೆಗೆ ಅರ್ಥ ಬರುತ್ತದೆ. ಈ ಪ್ರಶ್ನೆಗಳೆಲ್ಲವೂ ಸ್ಥಳದ ಪ್ರಶ್ನೆಗಳಂತೆ ತೋರಿದರೂ ಮೂಲದಲ್ಲಿ ಕಾಲದ ಪ್ರಶ್ನೆಗಳೇ ಆಗಿವೆ.

ಹೊರಡುವ ಮುನ್ನ ನಡೆಯುವ ಈ ಇಡೀ ವಿಚಾರಣೆಗೆ ನೌಕಾಶಾಸ್ತ್ರದಲ್ಲಿ ಪಯಣ ಯೋಜನೆ ಎಂಬ ಹೆಸರಿದೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯು 1999ರ ನವೆಂಬರಿನಲ್ಲಿ ಅಂಗೀಕರಿಸಿದ ಮಾರ್ಗಸೂಚಿ ಅದನ್ನು ನಾಲ್ಕು ಹಂತಗಳಾಗಿ ವಿಂಗಡಿಸುತ್ತದೆ: ಲಭ್ಯವಿರುವ ಮಾಹಿತಿಯನ್ನೆಲ್ಲ ಕಲೆಹಾಕಿ ತೂಗಿನೋಡುವುದು, ಬಂದರಿನ ಧಕ್ಕೆಯಿಂದ ಧಕ್ಕೆಯವರೆಗಿನ ದಾರಿಯನ್ನು ನಕ್ಷೆಯ ಮೇಲೆ ಗುರುತಿಸುವುದು, ಅದನ್ನು ಕಾರ್ಯಗತಗೊಳಿಸುವುದು, ಮತ್ತು ಪಯಣದುದ್ದಕ್ಕೂ ನೌಕೆಯ ನಿಜವಾದ ನೆಲೆಯನ್ನು ಯೋಜನೆಯೊಡನೆ ಹೋಲಿಸುತ್ತಲೇ ಇರುವುದು. ದೊಡ್ಡ ಹಡಗುಗಳಿಗೆಂದು ರೂಪುಗೊಂಡ ಈ ಕ್ರಮ ಹತ್ತು ಮೀಟರ್ ಉದ್ದದ ಹಾಯಿದೋಣಿಗೂ ಹೊಂದುತ್ತದೆ. ಸಿಬ್ಬಂದಿಯೂ ಯಂತ್ರಬಲವೂ ಕಡಿಮೆ ಇರುವ ಸಣ್ಣ ದೋಣಿಗೇ ಅದರ ಅಗತ್ಯ ಹೆಚ್ಚು ಎನ್ನಬೇಕು. ಈ ಕ್ರಮವನ್ನು ಪರಿಶೀಲಿಸಲು ಕರ್ನಾಟಕದ ಸುಮಾರು 320 ಕಿ.ಮೀ. ಉದ್ದದ ಕರಾವಳಿಯ ಬಹುಭಾಗವನ್ನು ಬಳಸಿ ಹೋಗುವ ಕಾರವಾರ–ಮಂಗಳೂರು ಪಯಣಕ್ಕಿಂತ ಒಳ್ಳೆಯ ಉದಾಹರಣೆ ಬೇರೆ ಬೇಕಿಲ್ಲ.

ಋತುವಿನ ಆಯ್ಕೆ ಎಲ್ಲಕ್ಕಿಂತ ಮೊದಲನೆಯದು. ಅರಬ್ಬೀ ಸಮುದ್ರದ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರಿನ ಬಿರುಗಾಳಿ ಕರಾವಳಿಗೆ ಅಭಿಮುಖವಾಗಿ ಬೀಸುತ್ತದೆ. ಇಂಥ ಸ್ಥಿತಿಯಲ್ಲಿ ದಡ ದೋಣಿಯ ಗಾಳಿಮರೆಯ ಕಡೆಗಿರುತ್ತದೆ, ಎಂದರೆ ದೋಣಿಯಲ್ಲಿ ಏನೇ ಕೆಟ್ಟರೂ ಗಾಳಿ ಅದನ್ನು ಬಂಡೆಗಳತ್ತಲೇ ತಳ್ಳುತ್ತದೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವುದು ಮೀನಿನ ಸಂತಾನವೃದ್ಧಿಗಾಗಿಯೇ ಆದರೂ, ಆ ದಿನಗಳಲ್ಲಿ ಸಣ್ಣ ದೋಣಿಗಳು ಹೊರಗಡಲಿಗೆ ಹೋಗುವುದು ಕ್ಷೇಮವಲ್ಲ ಎಂಬ ಹಳೆಯ ತಿಳಿವಳಿಕೆಯೂ ಅದಕ್ಕೆ ಒತ್ತಾಸೆಯಾಗಿದೆ. ಮಳೆಗಾಲದ ಉಗ್ರತೆ ತಗ್ಗುವ ಹೊತ್ತಿಗೆ ಬರುವ ನೂಲ ಹುಣ್ಣಿಮೆಯಂದು ಮೀನುಗಾರ ಸಮುದಾಯಗಳಾದ ಮೊಗವೀರರೂ ಖಾರ್ವಿಗಳೂ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಸಲ್ಲಿಸುವ ರೂಢಿಯಲ್ಲಿ ಋತುವಿನ ಆಯ್ಕೆ ಹಬ್ಬದ ರೂಪ ತಾಳಿ ಉಳಿದುಬಂದಿದೆ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ದಿನಸಿ, ಕಟ್ಟಡ ಸಾಮಗ್ರಿ ಒಯ್ಯುವ ಮಂಜಿ ಎಂಬ ಸರಕು ದೋಣಿಗಳು ಕೂಡ ಮಳೆಗಾಲದಲ್ಲಿ ಯಾನ ನಿಲ್ಲಿಸುತ್ತವೆ.

ಋತುವನ್ನು ಅಲಕ್ಷಿಸಿದರೆ ಆಗುವ ಹಾನಿಗೆ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪವೇ ಸಾಕ್ಷಿಯಾಗಿದೆ. 1498ರ ಏಪ್ರಿಲ್ 24ರಂದು ಪೂರ್ವ ಆಫ್ರಿಕಾದ ಮಲಿಂದಿಯನ್ನು ಬಿಟ್ಟ ವಾಸ್ಕೊ ಡ ಗಾಮನ ನೌಕೆಗಳು, ಅಲ್ಲಿ ದೊರೆತ ಅನುಭವಿ ಮಾರ್ಗದರ್ಶಿಯ ನೆರವಿನಿಂದಲೂ ಮುಂಗಾರಿನ ಮೊದಲ ಗಾಳಿಯ ಬಲದಿಂದಲೂ ಅರಬ್ಬೀ ಸಮುದ್ರವನ್ನು ಸುಮಾರು 23 ದಿನಗಳಲ್ಲಿ ದಾಟಿ ಮಲಬಾರಿನ ತೀರವನ್ನು ಕಂಡವು. ಅದೇ ನೌಕೆಗಳು ಆಗಸ್ಟ್ ಕೊನೆಗೆ ಕಲ್ಲಿಕೋಟೆಯಿಂದ ಹೊರಟು, ಅಂಜದೀವ್‌ನಲ್ಲಿ ತಂಗಿ ರಿಪೇರಿ ಮುಗಿಸಿ, ಅಕ್ಟೋಬರ್ 5ರಂದು ಮರಳಿ ಆಫ್ರಿಕಾದತ್ತ ಹೊರಟಾಗ ನೈಋತ್ಯದ ಗಾಳಿ ಮುಗಿಯುತ್ತ ಬಂದಿತ್ತು, ಈಶಾನ್ಯದ ಗಾಳಿ ಇನ್ನೂ ನೆಲೆಗೊಂಡಿರಲಿಲ್ಲ. ಗಾಳಿಯಿಲ್ಲದ ದಿನಗಳಲ್ಲೂ ಎದುರುಗಾಳಿಯಲ್ಲೂ ತೊಳಲಾಡಿದ ಅವು ಆಫ್ರಿಕಾದ ತೀರ ಮುಟ್ಟಿದ್ದು 1499ರ ಜನವರಿಯ ಆರಂಭದಲ್ಲಿ. ಹೋಗುವಾಗ ಮೂರು ವಾರ ಹಿಡಿದ ದೂರಕ್ಕೆ ಬರುವಾಗ ಸುಮಾರು ಮೂರು ತಿಂಗಳು ಬೇಕಾಯಿತು. ತಾಜಾ ಹಣ್ಣು ತರಕಾರಿಗಳಿಲ್ಲದೆ ಬರುವ ಸ್ಕರ್ವಿ ರೋಗಕ್ಕೆ ಹಲವು ನಾವಿಕರು ಬಲಿಯಾದರು, ನಡೆಸಲು ಸಾಕಷ್ಟು ಜನರಿಲ್ಲದೆ ಒಂದು ನೌಕೆಯನ್ನೇ ಸುಟ್ಟುಹಾಕಬೇಕಾಯಿತು. ಭಟ್ಕಳ, ಬಾರಕೂರು, ಮಂಗಳೂರುಗಳಿಗೆ ಶತಮಾನಗಳಿಂದ ಬಂದುಹೋಗುತ್ತಿದ್ದ ಅರಬ್ಬೀ ವರ್ತಕರು ಈಶಾನ್ಯದ ಗಾಳಿ ನೆಲೆಗೊಳ್ಳುವವರೆಗೆ ತಾಳ್ಮೆಯಿಂದ ಕಾದಿರುತ್ತಿದ್ದರು. ಆ ಕಾಯುವಿಕೆಯನ್ನು ಕಾಲಹರಣವೆಂದು ನೋಡದೆ ಪಯಣದ ಯೋಜನೆಯ ಅಂಗವೆಂದೇ ನೋಡಬೇಕು.

ಇಂದಿನ ಹಾಯಿನೌಕೆಗಳಿಗೂ ಇದೇ ಶಿಸ್ತು ಅನ್ವಯಿಸುತ್ತದೆ. ಭಾರತೀಯ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ‘ತಾರಿಣಿ’ ಹಾಯಿನೌಕೆಯಲ್ಲಿ ಭೂಪ್ರದಕ್ಷಿಣೆಗೆಂದು ಗೋವೆಯಿಂದ ಹೊರಟದ್ದು 2017ರ ಸೆಪ್ಟೆಂಬರ್ 10ರಂದು. ದಕ್ಷಿಣ ಅಮೆರಿಕದ ತುದಿಯಲ್ಲಿರುವ, ಬಿರುಗಾಳಿಗೆ ಹೆಸರಾದ ಕೇಪ್ ಹಾರ್ನ್ ಭೂಶಿರವನ್ನು ಅಲ್ಲಿನ ಬೇಸಿಗೆಯಾದ ಜನವರಿಯಲ್ಲಿ ದಾಟುವಂತೆ ಆ ದಿನಾಂಕ ಹೊಂದಿಕೊಂಡಿತ್ತು. ಮೊಳೆ ಬಳಸದೆ ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು ಕಟ್ಟಿದ, 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ದ ವಿಷಯದಲ್ಲಂತೂ ಋತುವೇ ಸರ್ವಸ್ವ: ಅದರ ಚೌಕ ಹಾಯಿಗಳು ಬೆನ್ನ ಹಿಂದಿನ ಗಾಳಿಯನ್ನು ಚೆನ್ನಾಗಿ ಹಿಡಿಯುತ್ತವೆಯೇ ಹೊರತು ಎದುರುಗಾಳಿಯನ್ನು ಮೆಟ್ಟಿ ಮುಂದೆ ಹೋಗಲಾರವು. ಅದು ಪೋರಬಂದರಿನಿಂದ ಮಸ್ಕತ್ತಿಗೆ ಹೊರಟದ್ದು ಈಶಾನ್ಯ ಗಾಳಿಯ ಕಾಲವಾದ ಡಿಸೆಂಬರ್ ಕೊನೆಯಲ್ಲಿ.

ಋತು ನಿಶ್ಚಯವಾದ ಬಳಿಕ ನಕ್ಷೆಯನ್ನು ಬಿಡಿಸಬಹುದು. ಭಾರತದ ಕಡಲಿನ ಅಧಿಕೃತ ನಕ್ಷೆಗಳನ್ನು ಸಿದ್ಧಪಡಿಸುವ ರಾಷ್ಟ್ರೀಯ ಜಲಮಾಪನ ಕಚೇರಿಯು ಕಡಲಿನಿಂದ ಬಹುದೂರದ ಡೆಹ್ರಾಡೂನಿನಲ್ಲಿದೆ. ಕಡಲ ನಕ್ಷೆಯಲ್ಲಿ ಕಾಣುವ ಸಣ್ಣ ಅಂಕಿಗಳು ಆಯಾ ಜಾಗದ ಆಳವನ್ನು ಮೀಟರುಗಳಲ್ಲಿ ಹೇಳುತ್ತವೆ. ಆ ಆಳವನ್ನು ಸಾಮಾನ್ಯ ದಿನದ ನೀರಿನ ಮಟ್ಟದಿಂದ ಅಳೆಯದೆ, ಇಳಿತದಲ್ಲಿ ನೀರು ಅದಕ್ಕಿಂತ ಕೆಳಗೆ ಹೋಗುವುದು ತೀರ ಅಪರೂಪ ಎಂಬ ಆಧಾರ ಮಟ್ಟದಿಂದ ಅಳೆದಿರುತ್ತಾರೆ. ದೂರವನ್ನು ಅಳೆಯುವ ಘಟಕ ನಾಟಿಕಲ್ ಮೈಲಿ, ಎಂದರೆ 1,852 ಮೀಟರ್; ಅದು ಅಕ್ಷಾಂಶದ ಒಂದು ಡಿಗ್ರಿಯ ಅರವತ್ತರಲ್ಲೊಂದು ಭಾಗಕ್ಕೆ ಸಮವಾದ್ದರಿಂದ ನಕ್ಷೆಯ ಎಡ ಬಲ ಅಂಚುಗಳಲ್ಲಿರುವ ಅಕ್ಷಾಂಶದ ಗುರುತುಗಳೇ ಅಳತೆಪಟ್ಟಿಯಾಗುತ್ತವೆ. ಮೇಲಿನ, ಕೆಳಗಿನ ಅಂಚುಗಳ ರೇಖಾಂಶದ ಗುರುತುಗಳನ್ನು ಇದಕ್ಕೆ ಬಳಸುವಂತಿಲ್ಲ, ಏಕೆಂದರೆ ರೇಖಾಂಶಗಳ ನಡುವಿನ ಅಂತರ ಧ್ರುವಗಳತ್ತ ಹೋದಂತೆ ಕಿರಿದಾಗುತ್ತದೆ. ಗಂಟೆಗೆ ಒಂದು ನಾಟಿಕಲ್ ಮೈಲಿ ಸಾಗುವ ವೇಗವೇ ಒಂದು ನಾಟ್.

ನಕ್ಷೆಯ ವಿಷಯದಲ್ಲಿ ಇಂದಿನ ನಾವಿಕನ ಅತಿ ದೊಡ್ಡ ಅಪಾಯ ಅದರ ಅಭಾವದಲ್ಲಿಲ್ಲ, ಅದರ ಪ್ರಮಾಣದ ಬಗೆಗಿನ ಅಲಕ್ಷ್ಯದಲ್ಲಿದೆ. 2014ರ ನವೆಂಬರ್ 29ರ ರಾತ್ರಿ, ಕೇಪ್‌ಟೌನಿನಿಂದ ಅಬುಧಾಬಿಗೆ ನಡೆಯುತ್ತಿದ್ದ ವೋಲ್ವೊ ಓಷನ್ ರೇಸಿನಲ್ಲಿ, ‘ವೆಸ್ಟಾಸ್ ವಿಂಡ್’ ಎಂಬ ನೌಕೆ ಮಾರಿಷಸ್‌ನ ಈಶಾನ್ಯಕ್ಕಿರುವ ಕಾರ್ಗಾಡೋಸ್ ಕರಾಜೋಸ್ ಹವಳದ ದಿಬ್ಬಗಳಿಗೆ ಪೂರ್ಣ ವೇಗದಲ್ಲಿ ಬಡಿಯಿತು. ನೌಕೆಯಲ್ಲಿದ್ದ ಒಂಬತ್ತು ಮಂದಿ ಬದುಕುಳಿದರು. ಆ ದಿಬ್ಬಗಳು ಯಾರಿಗೂ ತಿಳಿಯದಿದ್ದವಲ್ಲ. ಹಲವು ಮೈಲಿ ಉದ್ದಕ್ಕೆ ಹರಡಿಕೊಂಡಿರುವ ಅವು ನೂರಾರು ವರ್ಷಗಳಿಂದ ನಕ್ಷೆಗಳಲ್ಲಿವೆ. ಆದರೆ ಎಲೆಕ್ಟ್ರಾನಿಕ್ ನಕ್ಷೆಯನ್ನು ಇಡೀ ಸಾಗರ ಕಾಣುವಷ್ಟು ಕಿರಿದಾಗಿಸಿದಾಗ ತೆರೆಯ ಮೇಲೆ ಗೊಂದಲವಾಗದಿರಲೆಂದು ತಂತ್ರಾಂಶವು ವಿವರಗಳನ್ನು ತಾನಾಗಿಯೇ ಮರೆಮಾಡುತ್ತದೆ, ಮತ್ತು ದಾರಿಯನ್ನು ಆ ಕಿರಿದಾದ ನೋಟದಲ್ಲಿ ಪರೀಕ್ಷಿಸಿದವರಿಗೆ ದಿಬ್ಬಗಳ ನಿಜವಾದ ಅಪಾಯ ಕಾಣಲಿಲ್ಲ. ಕಾಗದದ ನಕ್ಷೆಯಲ್ಲಿ ಇಂಥ ತೊಂದರೆ ಹುಟ್ಟುವುದು ಕಡಿಮೆ, ಏಕೆಂದರೆ ಯಾವ ವಿವರವನ್ನು ಬಿಡಬೇಕು, ಯಾವುದನ್ನು ಬಿಡಲೇಬಾರದು ಎಂಬುದನ್ನು ಅಲ್ಲಿ ಅನುಭವಿ ನಕ್ಷೆಗಾರರು ಕೂತು ನಿರ್ಧರಿಸಿರುತ್ತಾರೆ. ಆದ್ದರಿಂದ ಒಮ್ಮೆ ಹಾಕಿದ ದಾರಿಯನ್ನು ಅತಿ ಹಿಗ್ಗಿಸಿದ ನೋಟದಲ್ಲಿ, ಮೊದಲ ಮೈಲಿಯಿಂದ ಕೊನೆಯ ಮೈಲಿಯವರೆಗೆ ಬೆರಳಿಟ್ಟು ಓದುವುದನ್ನು ಯೋಜನೆಯ ತಪ್ಪಿಸಲಾಗದ ಕರ್ತವ್ಯವೆಂದು ಭಾವಿಸಬೇಕು. ಬೇಸರ ಹುಟ್ಟಿಸುವ ಕೆಲಸವಾದರೂ ಜೀವ ಉಳಿಯುವುದು ಇಂಥ ಕೆಲಸದಿಂದಲೇ.

ಈ ಓದನ್ನು ಕಾರವಾರ–ಮಂಗಳೂರು ದಾರಿಗೆ ಅನ್ವಯಿಸಿದರೆ ಹಲವು ಸಂಗತಿಗಳು ಹೊರಬೀಳುತ್ತವೆ. ಕಾರವಾರ ಕೊಲ್ಲಿಯ ಹೊರಬಾಗಿಲಿನಿಂದ ಪಣಂಬೂರಿನ ನವಮಂಗಳೂರು ಬಂದರಿನವರೆಗೆ ನೇರ ಗೆರೆ ಎಳೆದರೆ ಅದರ ಉದ್ದ ಸುಮಾರು 120 ನಾಟಿಕಲ್ ಮೈಲಿ. ಉತ್ತರವನ್ನು ಸೊನ್ನೆಯೆಂದು ಹಿಡಿದು ಬಲಕ್ಕೆ ಎಣಿಸುವ ನಾವಿಕರ ಲೆಕ್ಕದಲ್ಲಿ ಅದರ ದಿಕ್ಕು ಸುಮಾರು 160 ಡಿಗ್ರಿ, ಎಂದರೆ ದಕ್ಷಿಣದಿಂದ ತುಸು ಪೂರ್ವಕ್ಕೆ. ಹೊರಡುತ್ತಲೇ ಕೂರ್ಮಗಡ, ದೇವಗಡ ಮೊದಲಾದ ದ್ವೀಪಗಳನ್ನು ದಾಟಬೇಕು, ಕಾರವಾರದ ದಕ್ಷಿಣಕ್ಕಿರುವ ಕದಂಬ ನೌಕಾನೆಲೆಯ ನಿಷೇಧಿತ ಜಲಪ್ರದೇಶದಿಂದ ದೂರವಿರಬೇಕು. ಮುರ್ಡೇಶ್ವರದ ಎದುರು, ದಡದಿಂದ ಸುಮಾರು ಹತ್ತು ಮೈಲಿ ಹೊರಗೆ ನೇತ್ರಾಣಿ ದ್ವೀಪವಿದ್ದು, ನೇರ ಗೆರೆ ಈ ದ್ವೀಪಕ್ಕೂ ದಡಕ್ಕೂ ನಡುವೆ ನುಸುಳುತ್ತದೆ. ಅದಕ್ಕಿಂತ ಗಮನಾರ್ಹವಾದದ್ದು ಕೊನೆಯ ಭಾಗ: ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳನ್ನು ಗೆರೆ ಎರಡು ಮೂರು ಮೈಲಿಗಳಷ್ಟು ಹತ್ತಿರದಲ್ಲಿ ಹಾದು, ರಾಜ್ಯದ ಅತಿ ದೊಡ್ಡ ಮೀನುಗಾರಿಕಾ ಬಂದರಿನ ಬಾಯಲ್ಲೇ, ಟ್ರಾಲ್ ಬೋಟುಗಳೂ ಪರ್ಸೀನ್ ಬೋಟುಗಳೂ ನಾಡದೋಣಿಗಳೂ ಬಲೆ ಹರಡಿರುವ ನೀರಿನಲ್ಲಿ ಸಾಗುತ್ತದೆ.

ಹಾಗಾಗಿ ಗೆರೆಯನ್ನು ಮೂರು ತುಂಡುಗಳಾಗಿ ಮುರಿಯುವುದು ಲೇಸು. ಹೀಗೆ ದಿಕ್ಕು ಬದಲಾಗುವ ಪ್ರತಿ ಬಿಂದುವಿಗೂ ವೇಪಾಯಿಂಟ್ ಎನ್ನುತ್ತಾರೆ. ಮೊದಲ ವೇಪಾಯಿಂಟನ್ನು ನೇತ್ರಾಣಿಯ ಪಶ್ಚಿಮಕ್ಕೆ ಐದು ಮೈಲಿ ದೂರದಲ್ಲಿ, ಎರಡನೆಯದನ್ನು ಸೇಂಟ್ ಮೇರೀಸ್‌ನ ಪಶ್ಚಿಮಕ್ಕೆ ಏಳು ಮೈಲಿ ದೂರದಲ್ಲಿ ಇಟ್ಟು ಮತ್ತೆ ಲೆಕ್ಕ ಹಾಕಿದರೆ ಒಟ್ಟು ದೂರ ಹೆಚ್ಚುವುದು ಒಂದೆರಡು ಮೈಲಿ ಮಾತ್ರ. ಉದ್ದದ ಗೆರೆಯನ್ನು ನಡುವಿನಲ್ಲಿ ತುಸು ಬಾಗಿಸಿದರೆ ಅದರ ಉದ್ದ ಬಹಳ ಕಡಿಮೆ ಬೆಳೆಯುತ್ತದೆ ಎಂಬ ಈ ಜ್ಯಾಮಿತಿಯ ಉದಾರತೆಯನ್ನು ನಾವಿಕರು ಸಾಕಷ್ಟು ಬಳಸಿಕೊಳ್ಳುವುದಿಲ್ಲ; ಬಂಡೆಯಿಂದ ಮೈಲಿಗಟ್ಟಲೆ ದೂರ ಸರಿಯಲು ಹೆಚ್ಚೆಂದರೆ ಅರ್ಧ ಗಂಟೆ ಬೇಕಾಗುವಾಗ ಹತ್ತಿರದಿಂದ ಹಾದುಹೋಗುವುದರಲ್ಲಿ ಯಾವ ಲಾಭವೂ ಇಲ್ಲ.

ಈಗ ಗಾಳಿಯ ಲೆಕ್ಕ. ಯಾವ ಹಾಯಿದೋಣಿಯೂ ನೇರ ಎದುರುಗಾಳಿಗೆ ಮುಖ ಮಾಡಿ ಸಾಗಲಾರದು. ಸಾಮಾನ್ಯ ದೋಣಿಗೆ ಗಾಳಿ ಬರುವ ದಿಕ್ಕಿನ ಎರಡೂ ಕಡೆ ಸುಮಾರು 45 ಡಿಗ್ರಿಗಳ ವಲಯ ನಿಷಿದ್ಧ. ಗುರಿ ಆ ವಲಯದೊಳಗಿದ್ದರೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓರೆಯಾಗಿ, ಘಾಟಿಯ ತಿರುವುಗಳನ್ನು ಏರಿದಂತೆ ಏರಬೇಕಾಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕರಾವಳಿಯ ಗಾಳಿ ದಿನಕ್ಕೆರಡು ಬಾರಿ ದಿಕ್ಕು ಬದಲಿಸುತ್ತದೆ. ಹಗಲಿನ ಬಿಸಿಲಿಗೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರಾಗಿ ಏರುತ್ತದೆ, ಆ ತೆರವನ್ನು ತುಂಬಲು ಮಧ್ಯಾಹ್ನದ ನಂತರ ವಾಯವ್ಯ ದಿಕ್ಕಿನಿಂದ ಕಡಲ ಗಾಳಿ ಬೀಸುತ್ತದೆ. ರಾತ್ರಿ ನೆಲವೂ ಸಹ್ಯಾದ್ರಿಯ ಇಳಿಜಾರುಗಳೂ ಬೇಗ ತಣಿಯುವುದರಿಂದ ನಸುಕಿನವರೆಗೆ ಪೂರ್ವ, ಈಶಾನ್ಯಗಳಿಂದ ನೆಲದ ಗಾಳಿ ಕಡಲಿನತ್ತ ಹರಿಯುತ್ತದೆ. ದಕ್ಷಿಣಕ್ಕೆ ಹೋಗುವ ದೋಣಿಗೆ ಮೊದಲನೆಯದು ಬೆನ್ನ ಹಿಂದಿನಿಂದ, ಎರಡನೆಯದು ಪಕ್ಕದಿಂದ ಬರುತ್ತದೆ, ಎರಡೂ ಅನುಕೂಲವೇ.

ಅದೇ ದೋಣಿ ಮಂಗಳೂರಿನಿಂದ ಕಾರವಾರಕ್ಕೆ ಮರಳುವಾಗ ಚಿತ್ರ ಪೂರ್ತಿ ಬದಲಾಗುತ್ತದೆ. ಈಗ ಹೋಗಬೇಕಾದ ದಿಕ್ಕು 340 ಡಿಗ್ರಿ. ವಾಯವ್ಯದ ಗಾಳಿ ಬರುವುದು 315 ಡಿಗ್ರಿಯಿಂದ. ಎರಡರ ನಡುವಿನ ಅಂತರ ಬರೀ 25 ಡಿಗ್ರಿ ಆದ್ದರಿಂದ ಗುರಿಯು ನಿಷಿದ್ಧ ವಲಯದೊಳಗೇ ಬಿತ್ತು. ಕಡಲ ಗಾಳಿಯನ್ನು ನೆಚ್ಚಿದರೆ ದೋಣಿ ಒಂದು ಓಟದಲ್ಲಿ ನೇರ ಉತ್ತರಕ್ಕೂ ಇನ್ನೊಂದರಲ್ಲಿ ನೇರ ಪಶ್ಚಿಮಕ್ಕೂ ಸಾಗುತ್ತ ಉತ್ತರಕ್ಕೆ ಸುಮಾರು 113, ಪಶ್ಚಿಮಕ್ಕೆ ಸುಮಾರು 41, ಒಟ್ಟು 154 ಮೈಲಿ ಕ್ರಮಿಸಬೇಕು. ಅಲೆಗಳನ್ನು ಎದುರಿಸುವಾಗ ವೇಗವೂ ಕುಂದುತ್ತದೆ. ಆದರೆ ರಾತ್ರಿಯ ನೆಲದ ಗಾಳಿ ಆ ದಿಕ್ಕಿಗೂ ಪಕ್ಕದ ಗಾಳಿಯೇ ಆಗಿರುವುದರಿಂದ, ನಡುರಾತ್ರಿಯಿಂದ ಬೆಳಗಿನವರೆಗೆ ದಡಕ್ಕೆ ತುಸು ಸಮೀಪವಾಗಿ ಸಾಗಿ, ಮಧ್ಯಾಹ್ನ ಎದುರುಗಾಳಿ ಬಲವಾದಾಗ ಲಂಗರು ಹಾಕಿ ತಂಗುವ ಯೋಜನೆಯು ಹೆಚ್ಚು ದಿನ ತೆಗೆದುಕೊಂಡರೂ ದೋಣಿಯನ್ನೂ ಜನರನ್ನೂ ದಣಿಸದೆ ಮುಟ್ಟಿಸುತ್ತದೆ. ದಾರಿ ಒಂದೇ, ಹೊರಡುವ ಹೊತ್ತು ಬದಲಾದೊಡನೆ ಅದು ಏರುದಾರಿಯಿಂದ ಸಮದಾರಿಯಾಗುತ್ತದೆ.

ಇದಕ್ಕೆ ಕಡಲಿನ ಹರಿವನ್ನೂ ಸೇರಿಸಬೇಕು. ಭಾರತದ ಪಶ್ಚಿಮ ಕರಾವಳಿಗುಂಟ ಹರಿಯುವ ನೀರು ಮುಂಗಾರಿನಲ್ಲಿ ದಕ್ಷಿಣಕ್ಕೂ ಚಳಿಗಾಲದಲ್ಲಿ ಉತ್ತರಕ್ಕೂ ಸಾಗುತ್ತದೆ. ಹರಿವಿನ ವೇಗ ಅರ್ಧ ನಾಟ್ ಮಾತ್ರ ಎಂದು ಹಿಡಿದರೂ, ಅದಕ್ಕೆ ಎದುರಾಗಿ 24 ಗಂಟೆ ಸಾಗುವ ದೋಣಿ ಲೆಕ್ಕಕ್ಕಿಂತ 12 ಮೈಲಿ ಹಿಂದೆ ಉಳಿದಿರುತ್ತದೆ. ದಿಕ್ಕಿನಲ್ಲಿ ಆಗುವ ಒಂದು ಡಿಗ್ರಿ ತಪ್ಪು ಅರವತ್ತು ಮೈಲಿಗೆ ಒಂದು ಮೈಲಿಯಷ್ಟು ಪಕ್ಕಕ್ಕೆ ಸರಿಸುತ್ತದೆ ಎಂಬ ಸೂತ್ರವನ್ನೂ ನೆನಪಿನಲ್ಲಿಡಬೇಕು. ಭೂಮಿಯ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಈ ಕರಾವಳಿಯಲ್ಲಿ ಎರಡು ಡಿಗ್ರಿಯೊಳಗೇ ಇರುವುದು ಅದೃಷ್ಟ. ಆದರೆ ದೋಣಿಯ ಎಂಜಿನ್, ಧ್ವನಿವರ್ಧಕ, ದಿಕ್ಸೂಚಿಯ ಪಕ್ಕದಲ್ಲಿಟ್ಟ ಮೊಬೈಲ್ ಫೋನ್ ಇವು ಮುಳ್ಳನ್ನು ಇನ್ನೂ ಹೆಚ್ಚು ತಿರುಗಿಸಬಲ್ಲವು.

ಉಬ್ಬರ ಇಳಿತಗಳ ವಿಚಾರದಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ಒಂದು ಸ್ಪಷ್ಟವಾದ ಇಳಿಕೆ ಕಾಣುತ್ತದೆ. ಗುಜರಾತಿನ ಭಾವನಗರದ ಬಳಿ ನೀರಿನ ಏರಿಳಿತ ಹತ್ತು ಮೀಟರನ್ನೂ ಮೀರುತ್ತದೆ. ಮುಂಬೈಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನಾಲ್ಕು ಮೀಟರಿನಷ್ಟಿರುತ್ತದೆ. ಮಂಗಳೂರಿಗೆ ಬರುವ ಹೊತ್ತಿಗೆ ಒಂದೂವರೆ ಮೀಟರಿನ ಆಸುಪಾಸಿಗೆ ಇಳಿದು, ಕೊಚ್ಚಿಯಲ್ಲಿ ಒಂದು ಮೀಟರಿಗೂ ಕಡಿಮೆಯಾಗುತ್ತದೆ. ಕಡಲಿನ ಏರಿಳಿತ ಚಂದ್ರನನ್ನು ಅನುಸರಿಸುವುದರಿಂದ ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ತಿಥಿಯೊಂದಕ್ಕೆ ಎರಡು ಗಳಿಗೆ ಎಂದು ಲೆಕ್ಕ ಹಾಕಿದರೆ 48 ನಿಮಿಷವಾಗುತ್ತದೆ. ಪಂಚಾಂಗ ಬಲ್ಲವನಿಗೆ ಉಬ್ಬರದ ಹೊತ್ತನ್ನು ಅಂದಾಜಿಸುವುದು ಕಷ್ಟವಲ್ಲ. ಆದರೂ ದಿನದ ಎರಡು ಉಬ್ಬರಗಳು ಈ ಕರಾವಳಿಯಲ್ಲಿ ಒಂದೇ ಎತ್ತರವಿರುವುದಿಲ್ಲವಾದ್ದರಿಂದ ಮುದ್ರಿತ ಉಬ್ಬರ ಕೋಷ್ಟಕವನ್ನು ನೋಡದೆ ಹೊರಡಬಾರದು.

ಏರಿಳಿತ ಕಡಿಮೆಯಿದ್ದ ಮಾತ್ರಕ್ಕೆ ಅದರ ಅಪಾಯ ಕಡಿಮೆಯಾಗಿಲ್ಲ ಎಂಬುದನ್ನು ಕರಾವಳಿಯ ಅಳಿವೆಗಳು ತೋರಿಸುತ್ತವೆ. ನದಿಯು ಕಡಲನ್ನು ಸೇರುವ ಬಾಯಿಗೆ ಈ ಭಾಗದಲ್ಲಿ ಅಳಿವೆ ಎನ್ನುತ್ತಾರೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಅಳಿವೆಗಳಲ್ಲೂ ಗಂಗೊಳ್ಳಿಯಲ್ಲೂ ನೇತ್ರಾವತಿ ಗುರುಪುರ ನದಿಗಳು ಕೂಡುವ ಮಂಗಳೂರಿನ ಹಳೆ ಬಂದರಿನ ಬಾಗಿಲಲ್ಲೂ ನದಿ ತಂದ ಹೂಳು ಮರಳಿನ ದಿಬ್ಬವಾಗಿ ಅಡ್ಡ ಮಲಗಿರುತ್ತದೆ, ಮತ್ತು ಪ್ರತಿ ಮಳೆಗಾಲದ ನಂತರ ಅದರ ಆಕಾರ ಬದಲಾಗುವುದರಿಂದ ಹಳೆಯ ನಕ್ಷೆಯ ಆಳವನ್ನು ನಂಬುವಂತಿಲ್ಲ. ಇಳಿತದ ಹೊತ್ತಿನಲ್ಲಿ ಹೊರಗೆ ನುಗ್ಗುವ ನೀರು ಒಳಗೆ ಬರುವ ಕಡಲಿನ ಅಲೆಗೆ ಎದುರಾದಾಗ ಅಲೆಯ ಉದ್ದ ಕುಗ್ಗಿ ಎತ್ತರ ಹೆಚ್ಚುತ್ತದೆ. ಆಳ ಕಡಿಮೆಯಿರುವ ದಿಬ್ಬದ ಮೇಲೆ ಅದು ಮುರಿದು ಬೀಳುತ್ತದೆ. ದೋಣಿಗಳು ಮಗುಚುವುದು ಇಲ್ಲಿಯೇ. ಉಬ್ಬರ ಪೂರ್ತಿಯಾಗುವ ತುಸು ಮೊದಲು, ನೀರು ಇನ್ನೂ ಏರುತ್ತಿರುವಾಗ ಅಳಿವೆಯನ್ನು ಹಾಯುವುದೇ ಕ್ಷೇಮ, ಏಕೆಂದರೆ ತಳ ಮರಳಿಗೆ ತಾಗಿದರೂ ಏರುವ ನೀರು ಅದನ್ನು ಎತ್ತಿಕೊಡುತ್ತದೆ. ಸ್ಥಳೀಯ ತಾಂಡೇಲನನ್ನು, ಎಂದರೆ ಮೀನುಗಾರಿಕಾ ಬೋಟಿನ ಮುಖ್ಯಸ್ಥನನ್ನು, ಆ ವರ್ಷದ ಮರಳು ಎಲ್ಲಿದೆ ಎಂದು ಕೇಳಿ ತಿಳಿಯುವುದು ಯಾವ ಉಪಗ್ರಹ ಚಿತ್ರಕ್ಕಿಂತಲೂ ಭರವಸೆಯ ಮೂಲ. ಪಯಣ ಯೋಜನೆಯ ಮಾಹಿತಿ ಸಂಗ್ರಹದಲ್ಲಿ ಈ ಜನರ ತಿಳಿವಳಿಕೆಗೆ ಸಿಗಬೇಕಾದ ಸ್ಥಾನ ಇನ್ನೂ ಸಿಕ್ಕಿಲ್ಲ.

ಈ ಕಾರಣದಿಂದಲೇ ದಾರಿಯಲ್ಲಿ ಆಶ್ರಯಕ್ಕೆಂದು ಗುರುತಿಸುವ ಬಂದರುಗಳನ್ನು ಹೊತ್ತಿಗನುಗುಣವಾಗಿ ವಿಂಗಡಿಸಬೇಕು. ಹೊನ್ನಾವರ, ಗಂಗೊಳ್ಳಿಗಳಂಥ ಅಳಿವೆಯ ಬಂದರುಗಳು ಹಗಲಿನಲ್ಲಿ, ಶಾಂತ ಕಡಲಿನಲ್ಲಿ, ಏರುನೀರಿನಲ್ಲಿ ಮಾತ್ರ ಆಶ್ರಯ. ಬಿರುಗಾಳಿಯಲ್ಲಿ ಅವೇ ಬಲೆಗಳಾಗುತ್ತವೆ. ಕೆಟ್ಟ ಹವೆಯಲ್ಲಿ ಆಶ್ರಯ ಕೊಡಬಲ್ಲವು ಆಳವಾದ ಬಾಗಿಲುಳ್ಳ ಬಂದರುಗಳು ಮಾತ್ರವಾಗಿದ್ದು, ಈ ದಾರಿಯಲ್ಲಿ ಅಂಥವು ಎರಡು ತುದಿಗಳಲ್ಲಿವೆ. ಆದ್ದರಿಂದ ಎಲ್ಲಿಯವರೆಗೆ ಹಿಂದಿರುಗಬಹುದು, ಎಲ್ಲಿಂದ ಮುಂದೆ ಸಾಗುವುದೇ ಸರಿ ಎಂಬ ಗಡಿಯನ್ನು ನಕ್ಷೆಯ ಮೇಲೆ ಮೊದಲೇ ಗುರುತಿಸಿರಬೇಕು.

ಹವೆಯ ಮುನ್ಸೂಚನೆಗೆ ಭಾರತೀಯ ಹವಾಮಾನ ಇಲಾಖೆಯ ಪ್ರಕಟಣೆಗಳ ಜೊತೆಗೆ ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಪ್ರಕಟಿಸುವ ಅಲೆಗಳ ಎತ್ತರ ಮತ್ತು ದಿಕ್ಕಿನ ಮಾಹಿತಿ ಲಭ್ಯವಿದೆ. ಇವೆರಡನ್ನೂ ನೋಡಬೇಕಾದ ಕಾರಣವೆಂದರೆ, ಸ್ಥಳೀಯವಾಗಿ ಗಾಳಿಯೇ ಇಲ್ಲದಿದ್ದಾಗಲೂ ಸಾವಿರಾರು ಕಿ.ಮೀ. ದೂರದ ದಕ್ಷಿಣ ಸಾಗರದ ಬಿರುಗಾಳಿ ಎಬ್ಬಿಸಿದ ಅಲೆಗಳು ದಿನಗಳ ಬಳಿಕ ಈ ದಡಕ್ಕೆ ಬಂದು ಅಪ್ಪಳಿಸುವುದುಂಟು. ಸದ್ದಿಲ್ಲದೆ ಬರುವ ಇಂಥ ಕಡಲಿಗೆ ಕೇರಳದವರು ಕಳ್ಳಕಡಲ್ ಎಂದು ಹೆಸರಿಟ್ಟಿದ್ದಾರೆ. ಮುಂಗಾರಿನ ಮುಂಚಿನ ಮೇ ತಿಂಗಳು ಮತ್ತು ಹಿಂಗಾರಿನ ತಿಂಗಳುಗಳು ಚಂಡಮಾರುತಗಳ ಕಾಲ. 2021ರ ಮೇ ತಿಂಗಳಿನ ತೌಕ್ತೆ ಕರ್ನಾಟಕದ ಇಡೀ ಕರಾವಳಿಯನ್ನು ಸವರಿಕೊಂಡೇ ಗುಜರಾತಿಗೆ ಹೋಯಿತು. 2017ರ ನವೆಂಬರ್ ಕೊನೆಯಲ್ಲಿ ಒಖಿ ಚಂಡಮಾರುತ ಕನ್ಯಾಕುಮಾರಿಯ ಬಳಿ ಬಹು ಬೇಗ ಬಲಗೊಂಡಾಗ, ದಿನಗಳ ಮೊದಲೇ ಆಳಕಡಲಿಗೆ ಹೋಗಿದ್ದ ಕೇರಳ, ತಮಿಳುನಾಡುಗಳ ಅನೇಕ ಮೀನುಗಾರರಿಗೆ ಎಚ್ಚರಿಕೆ ಮುಟ್ಟಲೇ ಇಲ್ಲ. ಅವರಲ್ಲಿ ಹಲವರು ಮರಳಲಿಲ್ಲ. ಹೊರಡುವ ಮುನ್ನ ಮುನ್ಸೂಚನೆ ನೋಡುವುದರಷ್ಟೇ, ಹೊರಟ ಮೇಲೆ ಅದು ಹೇಗೆ ತಲುಪುತ್ತದೆ ಎಂಬುದನ್ನು ನಿಶ್ಚಯಿಸಿಕೊಳ್ಳುವುದೂ ಮುಖ್ಯವೆಂಬುದನ್ನು ಆ ದುರಂತದ ಬಳಿಕ ಬಿಡಿಸಿ ಹೇಳಬೇಕಾಗಿಲ್ಲ.

ಯೋಜನೆಯ ಒಂದು ಪ್ರತಿ ದಡದಲ್ಲಿ ಉಳಿಯಬೇಕು. ಹೊರಡುವ ಹೊತ್ತು, ವೇಪಾಯಿಂಟುಗಳು, ದೋಣಿಯ ಬಣ್ಣ, ಜನರ ಸಂಖ್ಯೆ, ಯಾವ ಗಂಟೆಯೊಳಗೆ ಸುದ್ದಿ ಬಾರದಿದ್ದರೆ ಕರಾವಳಿ ಕಾವಲು ಪಡೆಯ 1554 ಸಂಖ್ಯೆಗೆ ಕರೆ ಮಾಡಬೇಕು ಎಂಬ ವಿವರಗಳು ಅದರಲ್ಲಿರಬೇಕು. ದೋಣಿಯಲ್ಲಿ 406 ಮೆಗಾಹರ್ಟ್ಸ್ ತರಂಗದ ಅಪಾಯಸೂಚಕ ಬೀಕನ್ ಇದ್ದರೆ ಅದರ ಸಂಕೇತ ಉಪಗ್ರಹಗಳ ಮೂಲಕ ಬೆಂಗಳೂರಿನಲ್ಲಿ ಇಸ್ರೊ ನಡೆಸುವ ಭಾರತೀಯ ಮಿಷನ್ ಕಂಟ್ರೋಲ್ ಕೇಂದ್ರಕ್ಕೆ ಬಂದು, ಅಲ್ಲಿಂದ ರಕ್ಷಣಾ ಸಮನ್ವಯ ಕೇಂದ್ರಗಳಿಗೆ ಹೋಗುತ್ತದೆ. ಕಡಲಿಲ್ಲದ ಬೆಂಗಳೂರು ಹೀಗೆ ಕಡಲಿನವರ ಕೂಗನ್ನು ಕೇಳಿಸಿಕೊಳ್ಳುವ ಊರಾಗಿದೆ.

ಉಳಿದದ್ದು ಹೊರಡುವ ಗಂಟೆಯ ನಿರ್ಧಾರ. ಸರಾಸರಿ 5 ನಾಟ್ ವೇಗದಲ್ಲಿ 120 ಮೈಲಿಗೆ 24 ಗಂಟೆ ಬೇಕು. ಜನವರಿಯ ಒಂದು ದಿನ ಬೆಳಿಗ್ಗೆ ಆರಕ್ಕೆ ಕಾರವಾರ ಬಿಟ್ಟರೆ ನೇತ್ರಾಣಿಯ ನೇರಕ್ಕೆ ಸಂಜೆ ನಾಲ್ಕರ ಹೊತ್ತಿಗೆ ಬರಬಹುದು, ಆದರೆ ಮಲ್ಪೆಯ ಬಲೆಗಳ ನಡುವೆ ನಡುರಾತ್ರಿ ಸಿಕ್ಕಿಕೊಳ್ಳಬೇಕಾಗುತ್ತದೆ. ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ ಪ್ರಕಾರ ಎಂಜಿನ್ ದೋಣಿ ಹಾಯಿದೋಣಿಗೆ ದಾರಿ ಬಿಡಬೇಕಾದರೂ, ಬಲೆ ಬೀಸಿ ಮೀನು ಹಿಡಿಯುತ್ತಿರುವ ಬೋಟಿಗೆ ಹಾಯಿದೋಣಿಯೇ ದಾರಿ ಬಿಡಬೇಕು. ಕತ್ತಲಲ್ಲಿ ಹತ್ತಾರು ದೀಪಗಳ ನಡುವೆ ಯಾವುದು ಬಲೆ ಎಳೆಯುತ್ತಿದೆ, ಯಾವುದು ಸುಮ್ಮನೆ ಸಾಗುತ್ತಿದೆ ಎಂದು ತಿಳಿಯುವುದು ನುರಿತವರಿಗೂ ಕಠಿಣ. ಸಂಜೆ ನಾಲ್ಕಕ್ಕೆ ಹೊರಟರೆ ಕಡಲ ಗಾಳಿ ಬೆನ್ನಿಗಿರುತ್ತದೆ, ಸೂರ್ಯ ಮುಳುಗುವುದರೊಳಗೆ ಕಾರವಾರದ ದ್ವೀಪಗಳು ಹಿಂದೆ ಸರಿದಿರುತ್ತವೆ, ರಾತ್ರಿಯ ನೆಲದ ಗಾಳಿ ಪಕ್ಕದಿಂದ ಸಿಗುತ್ತದೆ, ನೇತ್ರಾಣಿಯನ್ನು ಸುಮಾರು ಎರಡು ಗಂಟೆಯ ಕತ್ತಲಲ್ಲಿ ಐದು ಮೈಲಿ ದೂರದಿಂದ ದಾಟಲಾಗುತ್ತದೆ, ಸೇಂಟ್ ಮೇರೀಸ್ ಬೆಳಗಿನ ಹತ್ತರ ಬಿಸಿಲಿನಲ್ಲಿ ಬರುತ್ತದೆ, ಮಂಗಳೂರು ಮರುದಿನ ಸಂಜೆ ನಾಲ್ಕಕ್ಕೆ. ಕೃಷ್ಣಪಕ್ಷಕ್ಕಿಂತ ಶುಕ್ಲಪಕ್ಷದ ಕೊನೆಯ ದಿನಗಳನ್ನು ಆರಿಸಿಕೊಂಡರೆ ರಾತ್ರಿಯ ಬಹುಭಾಗ ಬೆಳದಿಂಗಳೂ ಇರುತ್ತದೆ.

ವೇಗ 4 ನಾಟಿಗೆ ಇಳಿದರೆ 24 ಗಂಟೆಯ ಪಯಣ 30 ಗಂಟೆಯದಾಗುತ್ತದೆ, ತಲುಪುವ ಹೊತ್ತು ರಾತ್ರಿ ಹತ್ತಾಗುತ್ತದೆ. ಆಗ ಮೊದಲು 1901ರಿಂದ ಉರಿಯುತ್ತಿರುವ ಕಾಪು ದೀಪಸ್ತಂಭ, ಬಳಿಕ ಸುರತ್ಕಲ್ಲಿನದು ಕಾಣಿಸುತ್ತದೆ. ಪ್ರತಿ ದೀಪಕ್ಕೂ ತನ್ನದೇ ಆದ ಮಿಂಚಿನ ಲಯವಿದ್ದು, ಎಷ್ಟು ಸೆಕೆಂಡಿಗೆ ಎಷ್ಟು ಬಾರಿ ಬೆಳಗುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಂಡವನಿಗೆ ಯಾವ ದೀಪ ಯಾವುದೆಂಬ ಸಂಶಯ ಬರುವುದಿಲ್ಲ. ಭೂಮಿ ದುಂಡಗಿರುವುದರಿಂದ ದೀಪ ಎಷ್ಟೇ ಪ್ರಖರವಾಗಿದ್ದರೂ ಅದರ ಎತ್ತರ ಮತ್ತು ನೋಡುವ ಕಣ್ಣಿನ ಎತ್ತರಗಳು ಕಾಣುವ ದೂರವನ್ನು ಮಿತಿಗೊಳಿಸುತ್ತವೆ: ನೀರಿನಿಂದ 36 ಮೀಟರ್ ಎತ್ತರದ ದೀಪ ಸಣ್ಣ ದೋಣಿಯಲ್ಲಿ ಕೂತವನಿಗೆ ಸುಮಾರು 15 ಮೈಲಿಯಿಂದಾಚೆಗೆ ಕಾಣದು. ಬಂದರಿನ ಕಾಲುವೆಯಲ್ಲಿ ಒಳಬರುವಾಗ ಕೆಂಪು ದೀಪದ ತೇಲುಗುರುತು ಎಡಕ್ಕೆ, ಹಸಿರು ಬಲಕ್ಕೆ ಇರಬೇಕು. ಆದರೆ ನಗರದ, ರಸ್ತೆಗಳ, ಕಾರ್ಖಾನೆಗಳ ಸಾವಿರ ದೀಪಗಳ ಹಿನ್ನೆಲೆಯಲ್ಲಿ ಆ ಕೆಂಪು ಹಸಿರುಗಳು ಕರಗಿಹೋಗುತ್ತವೆ, ಲಂಗರು ಹಾಕಿ ಸರದಿ ಕಾಯುವ ದೊಡ್ಡ ಹಡಗುಗಳು ಬಾಗಿಲಿನ ಹೊರಗೆ ಸಾಲಾಗಿ ನಿಂತಿರುತ್ತವೆ, ಮತ್ತು ಮೂವತ್ತು ಗಂಟೆ ಸರಿಯಾಗಿ ನಿದ್ದೆಯಿಲ್ಲದ ಜನರಿಗೆ ದಡದ ಬೆಳಕು ಕಂಡೊಡನೆ ಒಳಹೋಗಿಬಿಡುವ ಆಸೆ ತಡೆಯಲಾಗದಷ್ಟು ಬಲವಾಗಿರುತ್ತದೆ. ಆದ್ದರಿಂದ, ಸಂಜೆ ಆರರೊಳಗೆ ಬಂದರಿನ ಬಾಗಿಲು ಮುಟ್ಟದಿದ್ದರೆ ದಡದಿಂದ ಹತ್ತು ಮೈಲಿ ಹೊರಗೆ, ಮುಂದಿನ ಹಾಯಿಯನ್ನು ಗಾಳಿ ಬರುವ ಬದಿಗೆಳೆದು ಕಟ್ಟಿ, ಚುಕ್ಕಾಣಿಯನ್ನು ಅದಕ್ಕೆ ಎದುರಾಗಿ ಬಿಗಿದು, ದೋಣಿಯನ್ನು ಬಹುತೇಕ ನಿಂತಲ್ಲೇ ತೇಲಲು ಬಿಟ್ಟು, ಸರದಿಯ ಮೇಲೆ ಕಾವಲಿದ್ದು ಬೆಳಗಿನವರೆಗೆ ಕಾಯುವುದು ಎಂಬ ಸಾಲನ್ನು ಕಾರವಾರದಲ್ಲಿ ಲಂಗರು ಎತ್ತುವ ಮುನ್ನವೇ, ಎಲ್ಲರೂ ಎಚ್ಚರವಾಗಿರುವಾಗ, ಯೋಜನೆಯ ಹಾಳೆಯಲ್ಲಿ ಬರೆದಿಡಲಾಗುತ್ತದೆ.